ಬೇಣವನ್ನು ಸುಧಾರಿಸಿದ ಕಥೆ

ಬೇಣ ಎಂದರೇನೆಂದು ಕುಮಟೆಯ ಹೊರಗಿನವರಿಗೆ ಹೇಳಬೇಕಾಗಿ ಬಂದಾಗಲೆಲ್ಲ ನಾನು ತಡವರಿಸುತ್ತೇನೆ. ಕಾಡೆಂದರೆ ಕಾಡಲ್ಲ, ಅಲ್ಲೊಂದು ಇಲ್ಲೊಂದು ಮರವಷ್ಟೇ. ಗದ್ದೆಯೆಂದರೆ ಗದ್ದೆಯಲ್ಲ, ಅಲ್ಲಿ ಯಾರೂ ಬಿತ್ತುವುದಿಲ್ಲ. ಮಳೆಗಾಲದಲ್ಲಿ ದನ ನುಗ್ಗದಂತೆ ಬೇಲಿ ಕಟ್ಟಿ ಕಾದು, ದೀಪಾವಳಿಯ ಹೊತ್ತಿಗೆ ಹುಲ್ಲು ಬಲಿತು ಬೀಜ ಉದುರಿಸಿದ ಮೇಲೆ ಕೊಯ್ದು, ಒಣಗಿಸಿ, ಹೊರೆ ಕಟ್ಟಿ ಮನೆಗೆ ತರುವ ಗುಡ್ಡದ ತುಂಡು ಅದು. ಆ ಒಣಹುಲ್ಲೇ ಕರಡ. ವರ್ಷಕ್ಕೆ ಒಂದೇ ಕೊಯ್ಲು. ಆಮೇಲೆ ಬೇಲಿ ಬಿಚ್ಚಿದರೆ ಊರ ದನವೆಲ್ಲ ಅಲ್ಲಿಯೇ. ಇಷ್ಟೇ ಅದರ ಬೇಸಾಯ. ಈ 'ಇಷ್ಟೇ' ಎಂಬುದನ್ನು ಸಹಿಸಲಾರದವರ ಮೇಲೆ ನನಗೆ ಸಿಟ್ಟು. ಅವರಲ್ಲಿ ನಾನೂ ಒಬ್ಬನಾಗಿದ್ದೆನಲ್ಲ, ಅದಕ್ಕೇ ಸಿಟ್ಟು ಇನ್ನಷ್ಟು ಹೆಚ್ಚು.

ನಮ್ಮ ಬೇಣ ಇರುವುದು ಅಘನಾಶಿನಿಯ ದಡದಿಂದ ಮೇಲೆದ್ದ ಜಂಬಿಟ್ಟಿಗೆ ಗುಡ್ಡದ ಮೇಲೆ. ಇಳಿಜಾರಿನಲ್ಲಿ ಗೇಣು, ಮೊಳ ಮಣ್ಣು; ನೆತ್ತಿಯಲ್ಲಿ ಬರೀ ಕಲ್ಲು, ಕಲ್ಲಿನ ಕುಳಿಗಳಲ್ಲಿ ಬೆರಳುದ್ದ ಮಣ್ಣು. ಏಪ್ರಿಲ್‌ನಲ್ಲಿ ನೋಡಿದವರು ಇದನ್ನು ಬಂಜರು ಎಂದರೆ ಅವರನ್ನು ದೂರಲಾರೆ. ಆದರೆ ಭಾದ್ರಪದದಲ್ಲಿ ಬಂದು ನೋಡಬೇಕು. ಕುಳಿಗಳಲ್ಲಿ ನಿಂತ ನೀರಿನ ಅಂಚಿಗೆ ನೀಲಿ ಯುಟ್ರಿಕ್ಯುಲೇರಿಯಾ ಹಾಸಿರುತ್ತದೆ. ಬಿಳಿ ಗುಂಡಿ ಹೊಲಿದಂತೆ ಎರಿಯೋಕಾಲಾನ್. ಎಲೆಯ ಮೇಲೆ ಅಂಟುಹನಿ ಹೊತ್ತು ನೊಣಕ್ಕೆ ಕಾದ ಡ್ರಾಸೆರಾ, ಸ್ವಲ್ಪ ಕೆಳಗೆ ಹುಲ್ಲಿನ ನಡುವೆ ಹಳದಿ ಸ್ಮಿಥಿಯಾ. ಈ ಹೆಸರುಗಳನ್ನೆಲ್ಲ ನಾನು ಪುಸ್ತಕ ನೋಡಿ ಕಲಿತದ್ದು. ನಮ್ಮ ಆಯಿಗೆ ಇವೆಲ್ಲ ಬರೀ 'ಬೇಣದ ಹೂ'. ಚೌತಿಯ ಹಿಂದಿನ ದಿನ ಗಣಪತಿಯ ಮೇಲೆ ಫಲಾವಳಿ ಕಟ್ಟಲು ನಾವು ಮಕ್ಕಳು ಬುಟ್ಟಿ ಹಿಡಿದು ಏರುತ್ತಿದ್ದದ್ದು ಇದೇ ಗುಡ್ಡ. ಗೌರಿ ಹೂ ಯಾವ ಪೊದೆಯ ಬುಡದಲ್ಲಿ ಏಳುತ್ತದೆ ಎಂಬುದು ಪ್ರತಿ ಮನೆಯ ಗುಟ್ಟಾಗಿತ್ತು.

1989ರಲ್ಲಿ ನಾನು ಒಂದು ಜೆರ್ಸಿ ಮಿಶ್ರತಳಿಯ ಹಸು ಕಟ್ಟಿದೆ. ಹಾಲು ಮಾರಿ ಮನೆ ರಿಪೇರಿ ಮಾಡಿಸುವ ಆಸೆ. ಹಸು ನೋಡಲು ಬಂದ ತಿಳಿದವರೊಬ್ಬರು ನಮ್ಮ ಕರಡದ ಹೊರೆ ಹಿಸುಕಿ ನೋಡಿ ನಕ್ಕರು. 'ಇದರಲ್ಲಿ ಸತ್ವವೇ ಇಲ್ಲ, ಬೇಣಕ್ಕೆ ಒಂದಿಷ್ಟು ಯೂರಿಯಾ ಕೊಡಿ, ಎರಡು ಕೊಯ್ಲು ತೆಗೆಯಿರಿ' ಎಂದರು. ಹೇಳಿದವರನ್ನು ನಾನು ದೂರುವುದಿಲ್ಲ. ಚೀಲ ಹೊತ್ತವನು ನಾನು. 50 ಕಿಲೋ ಚೀಲದಲ್ಲಿ 23 ಕಿಲೋ ಸಾರಜನಕ. ಅಂಥ ಚೀಲಗಳನ್ನು ಇಳಿಜಾರಿನ ಮೇಲೆ ವರ್ಷ ವರ್ಷವೂ ಚೆಲ್ಲಿದೆ, ಆಗಸ್ಟಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಕೊಯ್ದೆ.

ಮೊದಲ ವರ್ಷ ಹುಲ್ಲು ಎದೆಮಟ್ಟ ಬಂತು. ಊರವರು ನೋಡಲು ಬಂದರು. ನಾನು ಬೀಗಿದೆ, ಸುಳ್ಳು ಹೇಳುವುದೇಕೆ. ಮೂರನೆಯ ವರ್ಷಕ್ಕೆ ಅದೇ ಹುಲ್ಲು ಮಳೆಗೆ ಅಡ್ಡಬಿದ್ದು ಕೊಳೆಯತೊಡಗಿತು. ಐದಾರು ವರ್ಷ ಕಳೆಯುವುದರೊಳಗೆ ಇಳಿಜಾರಿನಲ್ಲಿ ಒಂದೆರಡು ಜಾತಿಯ ದಪ್ಪ ಕಾಂಡದ ಹುಲ್ಲು, ನಡುವೆ ಯುಪಟೋರಿಯಂ, ಅಷ್ಟೇ. ಸ್ಮಿಥಿಯಾ ಇಲ್ಲ. ಗೌರಿ ಹೂವಿನ ಗುಟ್ಟು ಕಾಯುವ ಅಗತ್ಯವೂ ಉಳಿಯಲಿಲ್ಲ. ಹಸು ಆ ದಪ್ಪ ಕಾಂಡವನ್ನು ಗೋದಲಿಯಲ್ಲೇ ಬಿಡುತ್ತಿತ್ತು. ಅದಕ್ಕೆ ಹಿಂಡಿ ತರಬೇಕಾಯಿತು, ಹಿಂಡಿಗೆ ಹಾಲಿನ ದುಡ್ಡು ಹೋಯಿತು.

ಯಾಕೆ ಹೀಗಾಯಿತು? ಉತ್ತರ ನೆತ್ತಿಯ ಮೇಲಿನ ಆ ನೀಲಿ ಹೂವಿನಲ್ಲೇ ಇತ್ತು. ಯುಟ್ರಿಕ್ಯುಲೇರಿಯಾ, ಡ್ರಾಸೆರಾ ಹುಳ ಹಿಡಿದು ತಿನ್ನುವುದು ಚಪಲಕ್ಕಲ್ಲ; ಆ ಮಣ್ಣಿನಲ್ಲಿ ಸಾರಜನಕ ಸಿಗುವುದಿಲ್ಲ, ಅದಕ್ಕೆ. ಸ್ಮಿಥಿಯಾದಂತಹ ದ್ವಿದಳ ಗಿಡಗಳು ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಗಾಳಿಯಿಂದ ಅದನ್ನು ದುಡಿದುಕೊಳ್ಳುತ್ತವೆ. ಇನ್ನು ಕೆಲವು ಬೇರಿನ ಶಿಲೀಂಧ್ರಗಳ ಜೊತೆ ಕೊಡುಕೊಳ್ಳುವಿಕೆ ನಡೆಸುತ್ತವೆ. ಬಡತನವೇ ಅಲ್ಲಿ ಎಲ್ಲರಿಗೂ ಜಾಗ ಕೊಟ್ಟಿತ್ತು. ನಾನು ಸಾರಜನಕ ಸುರಿದೊಡನೆ ಈ ಜಾಣತನಗಳಿಗೆಲ್ಲ ಬೆಲೆ ಹೋಯಿತು. ಬೇಗ ಎತ್ತರ ಬೆಳೆಯುವ ಹುಲ್ಲೊಂದು ಬೆಳಕನ್ನೆಲ್ಲ ಬಾಚಿಕೊಂಡಿತು. ಕೆಳಗಿನ ಗಿಡ್ಡ ಗಿಡಗಳು ನೆರಳಲ್ಲಿ ಸತ್ತವು. ಆಗಸ್ಟಿನ ಕೊಯ್ಲು ಉಳಿದವುಗಳ ಹೂವನ್ನೇ ಕತ್ತರಿಸಿತು, ಬೀಜ ನೆಲಕ್ಕೆ ಬೀಳಲಿಲ್ಲ. ಇತ್ತ ಮಣ್ಣಿನಲ್ಲಿ ಯೂರಿಯಾ ಅಮೋನಿಯಾ ಆಗಿ, ಅದು ನೈಟ್ರೇಟ್ ಆಗುವಾಗ ಆಮ್ಲ ಬಿಡುತ್ತದೆ. ನಮ್ಮದು ಮೊದಲೇ ಹುಳಿ ಮಣ್ಣು, ಮೇಲೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ನೈಟ್ರೇಟಿನ ಜೊತೆ ಇದ್ದಬದ್ದ ಸುಣ್ಣದ ಅಂಶವೂ ತೊಳೆದು ನದಿ ಸೇರಿತು.

ಇದು ನನ್ನೊಬ್ಬನ ಬೇಣದ ಪುರಾಣವಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು ಒಂದು ಹುಲ್ಲುಗಾವಲನ್ನು ಪಟ್ಟಿ ಪಟ್ಟಿಯಾಗಿ ಹಂಚಿ ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕತೊಡಗಿದರು. ಹೆಚ್ಚು ಹುಲ್ಲು ಪಡೆಯುವುದು ಹೇಗೆಂದು ತಿಳಿಯುವುದೇ ಅವರ ಉದ್ದೇಶ. ಆ ಪ್ರಯೋಗ ಇಂದಿಗೂ ನಡೆದಿದೆ. ಏನೂ ಹಾಕದ ಪಟ್ಟಿಯಲ್ಲಿ 35-40ರ ಆಸುಪಾಸು ಜಾತಿಯ ಗಿಡಗಳು. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟ್ ಸುರಿದ ಪಟ್ಟಿಗಳಲ್ಲಿ ಬೆರಳೆಣಿಕೆಯಷ್ಟು. 1989ರಲ್ಲಿ ಕೆಲವು ಪಟ್ಟಿಗಳ ಒಂದು ಭಾಗಕ್ಕೆ ಸಾರಜನಕ ನಿಲ್ಲಿಸಿ ನೋಡಿದರು. ಹೋದವು ನಿಧಾನವಾಗಿ ಮರಳತೊಡಗಿದವು. ಅಂದರೆ ಅವರು ನಿಲ್ಲಿಸಿದ ವರ್ಷವೇ ನಾನು ಶುರುಮಾಡಿದೆ.

ಹೀಗೆ ನನ್ನ ಬೇಣ ಕೆಟ್ಟಿತು. ನೆರೆಯವರ ಬೇಣಗಳು ಕೆಟ್ಟದ್ದು ಬೇರೆ ದಾರಿಯಲ್ಲಿ. 1983ರಿಂದೀಚೆ ಸಾಮಾಜಿಕ ಅರಣ್ಯ ಬಂತು. 1985ರಲ್ಲಿ ದಿಲ್ಲಿಯಲ್ಲಿ ಬಂಜರು ಭೂಮಿಯ ಅಭಿವೃದ್ಧಿಗೆಂದೇ ರಾಷ್ಟ್ರೀಯ ಮಂಡಲಿಯಾಯಿತು. ಮರವಿಲ್ಲದ ನೆಲವೆಲ್ಲ ಬಂಜರು ಎಂಬ ಲೆಕ್ಕ. ಕರಾವಳಿಯ ಗುಡ್ಡಗಳ ಮೇಲೆ ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ನಿಂತಿತು. ಅದೂ ಬೇರಿನಲ್ಲಿ ಸಾರಜನಕ ಹಿಡಿಯುವ ಮರ ಎಂಬುದನ್ನು ಅದರ ಗುಣವೆಂದು ಹೊಗಳುವುದನ್ನು ಕೇಳಿದ್ದೇನೆ. ಬೇಣಕ್ಕೆ ಅದು ಗುಣವೇ? ನಾನು ಚೀಲದಲ್ಲಿ ತಂದದ್ದನ್ನು ಅದು ಬೇರಿನಲ್ಲಿ ತಂದಿತು, ಜೊತೆಗೆ ನೆರಳು, ಬೇಗ ಕೊಳೆಯದ ದರಕಿನ ಹಾಸು. ಅಕೇಶಿಯಾದ ಕೆಳಗೆ ಕರಡ ಕೊಯ್ದವರನ್ನು ನಾನು ಕಂಡಿಲ್ಲ. ಕರಡ ಹೋದ ಮೇಲೆ ಗಿಡ್ಡ ದನಗಳು ಹೋದವು, ದನ ಹೋದ ಮೇಲೆ ತೋಟಕ್ಕೆ ಗೊಬ್ಬರ ಹೋಯಿತು. ಕಲ್ಲು ಕಡಿದು ಚಿರೆ ಮಾರಿದ ಬೇಣಗಳ ಬಗ್ಗೆ ಏನು ಹೇಳುವುದು, ಅಲ್ಲಿ ಹೊಂಡವಷ್ಟೇ ಇದೆ.

'ಹಾಗಾದರೆ ನಾಲ್ಕು ಹೂವಿಗಾಗಿ ರೈತ ಬಡವನಾಗಿಯೇ ಇರಬೇಕೋ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಾಲು ಬೇಕಾದವನು ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ನೇಪಿಯರ್ ಹಾಕಲಿ, ಅದಕ್ಕೆ ಬೇಕಾದಷ್ಟು ಉಣ್ಣಿಸಲಿ, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಕೊಯ್ಯಲಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ದುಡಿಸಬೇಕಾದ ನೆಲ ಬೇರೆ, ಬಿಡಬೇಕಾದ ನೆಲ ಬೇರೆ. ಹತ್ತು ಗುಂಟೆಯಲ್ಲಿ ಸಿಗುವುದನ್ನು ಗುಡ್ಡದಿಂದ ಹಿಂಡಲು ಹೋದರೆ ಗುಡ್ಡವೂ ಇಲ್ಲ, ಹುಲ್ಲೂ ಇಲ್ಲ.

ಇನ್ನೊಂದು ಪಂಗಡವಿದೆ. ಇವರು ಪೇಟೆಯಿಂದ ಬರುತ್ತಾರೆ, ಹೂವಿನ ಫೋಟೋ ತೆಗೆಯುತ್ತಾರೆ, 'ಇದನ್ನು ಮುಟ್ಟಲೇಬೇಡಿ' ಎನ್ನುತ್ತಾರೆ. ನೆತ್ತಿಯ ಕಲ್ಲಿನ ಮಟ್ಟಿಗೆ ಆ ಮಾತು ನಡೆದೀತು. ಇಳಿಜಾರಿಗೆ ಅದೂ ಕೇಡೇ. ಆಳು ಸಿಗದೆ ನಾಲ್ಕು ವರ್ಷ ಕೊಯ್ಯದೆ ಬಿಟ್ಟ ಬೇಣ ನಮ್ಮೂರಲ್ಲೇ ಇದೆ. ಹಳೆಯ ಹುಲ್ಲು ಮೇಲೆ ಮೇಲೆ ಬಿದ್ದು ಹೊಸದನ್ನು ಉಸಿರುಗಟ್ಟಿಸಿ, ಈಗ ಒಳಗೆ ಹೋಗಲಾರದಷ್ಟು ಮಟ್ಟಿ. ಬೇಣ ದೇವರು ಮಾಡಿದ್ದಲ್ಲ, ಕತ್ತಿಯೂ ದನದ ಬಾಯಿಯೂ ಸೇರಿ ಮಾಡಿದ್ದು. ಎಷ್ಟು ಕತ್ತಿ, ಯಾವಾಗ ಕತ್ತಿ ಎಂಬುದು ನಮ್ಮ ಅಜ್ಜನಿಗೆ ಗೊತ್ತಿತ್ತು. ನನಗೆ ಎಂಟು ವರ್ಷ ಯೂರಿಯಾ ಚೆಲ್ಲಿದ ಮೇಲೆ ಗೊತ್ತಾಯಿತು.

1997ರಲ್ಲಿ ನಿಲ್ಲಿಸಿದೆ. ಯುಪಟೋರಿಯಂ ಕೀಳುವುದೇ ನಾಲ್ಕಾರು ವರ್ಷದ ಕೆಲಸವಾಯಿತು. ಕೊಯ್ಲು ಮತ್ತೆ ದೀಪಾವಳಿಗೆ ಹೋಯಿತು. ನೆತ್ತಿಗೆ ನಾನು ಯೂರಿಯಾ ಹಾಕಿರಲಿಲ್ಲ, ಕಲ್ಲಿಗೆ ಯಾರು ಹಾಕುತ್ತಾರೆ. ಅಲ್ಲಿಂದ ಮಳೆನೀರಿನ ಜೊತೆ ಬೀಜ ಇಳಿಯಬೇಕು. ಹೋದ ಚೌತಿಗೆ ಮೊಮ್ಮಗಳು ಸ್ಮಿಥಿಯಾ ಕಿತ್ತು ತಂದದ್ದು ಕಲ್ಲಿನಿಂದ ಮೂವತ್ತು ಹೆಜ್ಜೆ ಕೆಳಗೆ. ಸುಮಾರು ಕಾಲು ಶತಮಾನಕ್ಕೆ ಮೂವತ್ತು ಹೆಜ್ಜೆ. ಗೌರಿ ಹೂ ಇನ್ನೂ ಬಂದಿಲ್ಲ.

ಮೊನ್ನೆ ಜೂನಿನಲ್ಲಿ ಕೆಲವರು ಟೆಂಪೊದಲ್ಲಿ ಸಸಿ ತುಂಬಿಕೊಂಡು ಬಂದರು. ಒಳ್ಳೆಯ ಜನ, ಊರ ಹುಡುಗರೇ. 'ಮೇಲೆ ಜಾಗ ಖಾಲಿ ಇದೆಯಲ್ಲ, ಪುಕ್ಕಟೆ ನೆಟ್ಟುಕೊಡುತ್ತೇವೆ' ಎಂದರು. ಚೌತಿ ಹೊತ್ತಿಗೆ ಒಮ್ಮೆ ಬಂದು ಜಾಗ ನೋಡಿ, ಆಮೇಲೆ ಮಾತಾಡೋಣ ಎಂದೆ. ಬರಲಿಲ್ಲ. ಸಸಿಗಳು ಪಕ್ಕದ ಬೇಣಕ್ಕೆ ಹೋದವು.