ಕೊಯಂಬೇಡು: ಮಳಿಗೆ ಮಾರಿ ಕೈತೊಳೆದುಕೊಂಡ ಪ್ರಾಧಿಕಾರ

ಚೆನ್ನೈನ ಕೊಯಂಬೇಡು ಸಗಟು ಮಾರುಕಟ್ಟೆಯನ್ನು ಹೊರವಲಯಕ್ಕೆ ಸಾಗಿಸಬೇಕೇ, ಇದ್ದಲ್ಲೇ ನವೀಕರಿಸಬೇಕೇ ಎಂಬ ವಾದ 2020ರಿಂದೀಚೆಗೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ವಾಹನ ದಟ್ಟಣೆ, ಕಸ, ಭೂಮಿಯ ಬೆಲೆ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಅಲ್ಲಿಗೆ ಮಾಲು ಕಳಿಸುವ ರೈತನ ಲೆಕ್ಕ ಮಾತ್ರ ಬರುವುದಿಲ್ಲ. ಕೋಲಾರ, ಮಾಲೂರು, ಶ್ರೀನಿವಾಸಪುರಗಳ ಟೊಮೆಟೊ ಆ ಮಳಿಗೆಗಳಿಗೆ ಹೋಗುತ್ತಿರುವಷ್ಟು ಕಾಲ ಇದು ಪರರಾಜ್ಯದವರ ಜಗಳವೆಂದು ಕರ್ನಾಟಕ ಸುಮ್ಮನಿರುವಂತಿಲ್ಲ.

ಜಾರ್ಜ್ ಟೌನಿನ ಕೊತ್ವಾಲ್ ಚಾವಡಿಯ ಇಕ್ಕಟ್ಟಿನ ಬೀದಿಗಳಲ್ಲಿ ನಡೆಯುತ್ತಿದ್ದ ತರಕಾರಿಯ ಸಗಟು ವ್ಯಾಪಾರವನ್ನು ಚೆನ್ನೈ ಮಹಾನಗರ ಅಭಿವೃದ್ಧಿ ಪ್ರಾಧಿಕಾರವು 1996ರಲ್ಲಿ ಕೊಯಂಬೇಡಿಗೆ ತಂದಿತು. ಆ ನಿರ್ಧಾರ ತಪ್ಪಾಗಿರಲಿಲ್ಲ. ಹಳೆಯ ಜಾಗದಲ್ಲಿ ಲಾರಿ ತಿರುಗಿಸುವುದೇ ಸಾಹಸವಾಗಿತ್ತು. ಸುಮಾರು 295 ಎಕರೆಯ ಸಂಕೀರ್ಣವನ್ನು ರೂಪಿಸಿ, ಮೂರು ಸಾವಿರಕ್ಕೂ ಹೆಚ್ಚು ಮಳಿಗೆಗಳನ್ನು ಕಟ್ಟಿ ವರ್ತಕರಿಗೆ ಮಾರಿದ ಪ್ರಾಧಿಕಾರದ ಬೆನ್ನಿಗೆ ಅದೇ ವರ್ಷದ ಒಂದು ಕಾನೂನೂ ನಿಂತಿತು. ತಮಿಳುನಾಡು ನಿರ್ದಿಷ್ಟ ಸರಕುಗಳ ಮಾರುಕಟ್ಟೆ (ಸ್ಥಳ ನಿಯಂತ್ರಣ) ಕಾಯ್ದೆ ಎಂಬ ಆ ಕಾನೂನಿನ ತಿರುಳು, ಸರ್ಕಾರ ಗುರುತಿಸಿದ ಸರಕುಗಳ ಸಗಟು ವ್ಯಾಪಾರ ಗೊತ್ತುಪಡಿಸಿದ ಆವರಣದಲ್ಲಿ ಮಾತ್ರ ನಡೆಯಬೇಕು ಎಂಬುದು.

ವ್ಯಾಪಾರ ಎಲ್ಲಿ ನಡೆಯಬೇಕು ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ಹೇಳಿದ ಆಡಳಿತ, ಅದು ಹೇಗೆ ನಡೆಯಬೇಕು ಎಂಬುದನ್ನು ಹೆಚ್ಚುಕಡಿಮೆ ವರ್ತಕರಿಗೇ ಬಿಟ್ಟುಕೊಟ್ಟಿತು. ಕೊಯಂಬೇಡಿನಲ್ಲಿ ಮಾಲಿನ ಬಹುಪಾಲು ಕಮಿಷನ್ ಏಜೆಂಟರ, ಅಂದರೆ ರೈತನ ಮಾಲನ್ನು ತಾವು ಕೊಳ್ಳದೆ ಅವನ ಪರವಾಗಿ ಮಾರಿ ದಲ್ಲಾಳಿ ಹಣವನ್ನು ಮುರಿದುಕೊಳ್ಳುವ ಮಂಡಿ ಮಾಲೀಕರ, ಕೈಯಿಂದ ಸಾಗುತ್ತದೆ. ರಾತ್ರಿ ಇಳಿದ ಸರಕು ಯಾವ ದರಕ್ಕೆ ಹೋಯಿತು, ಎಷ್ಟು ಕೊಳೆತದ್ದೆಂದು ಕಳೆಯಲಾಯಿತು, ಕೂಲಿ ಎಷ್ಟು ಎಂಬುದೆಲ್ಲ ರೈತನಿಗೆ ತಿಳಿಯುವುದು ಮಂಡಿಯವರು ಬರೆದುಕೊಟ್ಟ ಚೀಟಿಯಿಂದ. ಆ ಚೀಟಿಯನ್ನು ತಾಳೆ ನೋಡುವ ಬಹಿರಂಗ ಹರಾಜಿನ ದಾಖಲೆಯಾಗಲಿ, ಮೂರನೆಯವರ ತೂಕವಾಗಲಿ ಅವನ ಕೈಗೆಟಕುವುದಿಲ್ಲ. ಬೇರೆಲ್ಲಿಯೂ ಮಾರಬಾರದೆಂದು ಕಾನೂನಿನ ಬಲದಿಂದ ವ್ಯಾಪಾರವನ್ನೆಲ್ಲ ಒಂದೇ ಆವರಣಕ್ಕೆ ತಳ್ಳಿದ ಮೇಲೆ, ಆವರಣದೊಳಗಿನ ತಕ್ಕಡಿಗೂ ದರಕ್ಕೂ ತಾನು ಹೊಣೆಯಲ್ಲ ಎನ್ನುವ ಹಕ್ಕು ಆಡಳಿತಕ್ಕೆ ಉಳಿಯುವುದಿಲ್ಲ.

ಕರ್ನಾಟಕದ ವ್ಯವಸ್ಥೆ ಇದಕ್ಕಿಂತ ಶುದ್ಧವೆಂದೇನೂ ಅಲ್ಲ. ಆದರೂ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ರೈತ ಪ್ರತಿನಿಧಿಗಳಿರುವ ಸಮಿತಿಯನ್ನು ಕೊಟ್ಟಿತು, ದಲ್ಲಾಳಿ ಹಣವನ್ನು ಮಾರುವವನಿಂದಲ್ಲ, ಕೊಳ್ಳುವವನಿಂದ ಪಡೆಯಬೇಕೆಂಬ ನಿಯಮವನ್ನು ತಂದಿತು. ತರಕಾರಿ ಮಂಡಿಗಳಲ್ಲಿ ಅಧಿಕೃತ ರಸೀದಿಯಲ್ಲದ ಬಿಳಿ ಚೀಟಿಯ ಮೇಲೆ ರೈತನಿಂದಲೇ ಕಮಿಷನ್ ಹಿಡಿಯುತ್ತಾರೆಂಬ ದೂರು ಹಳೆಯದು, ನಿಂತೂ ಇಲ್ಲ. ಆದರೆ ನಿಯಮವಿದ್ದು ಅದನ್ನು ಮುರಿದಾಗ ಕೇಳುವುದಕ್ಕೊಂದು ಬಾಯಿಯಾದರೂ ಇರುತ್ತದೆ. ಗಡಿ ದಾಟಿದ ಕೋಲಾರದ ಟೊಮೆಟೊಗೆ ಆ ಆಧಾರವೂ ಇಲ್ಲ.

ಆವರಣದೊಳಗೆ ಏನಾಗುತ್ತದೆಂಬುದಕ್ಕೆ ಕೊಯಂಬೇಡಿನ ಆಡಳಿತ ಹೊಣೆ ಹೊರದ ಕೊರತೆ ಬೆತ್ತಲಾದದ್ದು 2020ರಲ್ಲಿ. ಕೊರೊನಾ ಸೋಂಕು ಕೊಯಂಬೇಡಿನ ಕೂಲಿಯಾಳುಗಳ, ವರ್ತಕರ, ಲಾರಿಯವರ ಜೊತೆ ಕಡಲೂರು, ವಿಳುಪ್ಪುರಂ, ಅರಿಯಲೂರು ಜಿಲ್ಲೆಗಳವರೆಗೆ ಹರಡಿದಾಗ, ಮೇ ತಿಂಗಳಲ್ಲಿ ಮಾರುಕಟ್ಟೆಯನ್ನು ಮುಚ್ಚಿ ತರಕಾರಿ ವ್ಯಾಪಾರವನ್ನು ಚೆನ್ನೈ ಹೊರವಲಯದ ತಿರುಮಳಿಸೈಗೆ ಕಳಿಸಲಾಯಿತು. ಮಳೆ ಬಂದಾಗ ಆ ತಾತ್ಕಾಲಿಕ ಅಂಗಳ ಕೆಸರಾಯಿತು. ಸೆಪ್ಟೆಂಬರಿನಲ್ಲಿ ವ್ಯಾಪಾರ ಹಂತಹಂತವಾಗಿ ಹಿಂತಿರುಗಿತು. ಆಗ ಕಲಿಯಬೇಕಿದ್ದದ್ದು ಮಾರುಕಟ್ಟೆಯೊಳಗೇ ದುಡಿದು ಅಲ್ಲೇ ಮಲಗುವ ಹಮಾಲರಿಗೆ ವಸತಿ, ಶೌಚಾಲಯ, ನೋಂದಣಿ ಬೇಕೆಂಬ ಪಾಠವನ್ನು. ಕಲಿತದ್ದು ಮಾರುಕಟ್ಟೆಯನ್ನು ಎತ್ತಿ ಬೇರೆಡೆ ಇಡಬಹುದು ಎಂಬುದನ್ನು ಎಂದೇ ತೋರುತ್ತದೆ.

ಇಲ್ಲಿ ಪ್ರಾಧಿಕಾರದ ಎರಡು ಮುಖಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಮಹಾನಗರದ ಯಾವ ಭೂಮಿ ಯಾವುದಕ್ಕೆ ಎಂಬ ನಕ್ಷೆ ಬರೆಯುವುದೂ ಅದೇ, ಭೂಮಿಯನ್ನು ಅಭಿವೃದ್ಧಿಪಡಿಸಿ ಮಾರುವುದೂ ಅದೇ. ಕೊಯಂಬೇಡು ಈಗ ಊರಾಚೆಯ ಬಯಲಲ್ಲ; ಚೆನ್ನೈ ಮೆಟ್ರೊದ ಮೊದಲ ಹಳಿ 2015ರಲ್ಲಿ ಅಲ್ಲಿಂದಲೇ ಹೊರಟಿತು, ಪಕ್ಕದ ಬಸ್ ನಿಲ್ದಾಣದ ದೂರಪ್ರಯಾಣದ ಬಸ್ಸುಗಳಲ್ಲಿ ಬಹಳಷ್ಟು 2023ರ ಕೊನೆಯಿಂದೀಚೆಗೆ ಹೊರವಲಯದ ಕಿಳಾಂಬಾಕ್ಕಂಗೆ ಹೋದವು. ಇಂಥ ನೆಲದ ಮೇಲೆ ಕೊತ್ತಂಬರಿ ಸೊಪ್ಪಿನ ಕಂತೆ ಮಾರುವುದು ನಷ್ಟವೆಂದು ಭೂಮಿಯ ಒಡೆಯನಿಗೆ ಅನ್ನಿಸುವುದು ಸಹಜ, ಆದರೆ ಅದೇ ಒಡೆಯ ಸ್ಥಳಾಂತರ ಬೇಕೋ ಬೇಡವೋ ಎಂದು ತೀರ್ಪು ಕೊಡುವುದು ಸರಿಯಲ್ಲ.

ಬೆಂಗಳೂರಿನಲ್ಲೂ ಕಲಾಸಿಪಾಳ್ಯದ ವ್ಯಾಪಾರವನ್ನು ಸಿಂಗೇನ ಅಗ್ರಹಾರಕ್ಕೆ, ಯಶವಂತಪುರದ್ದನ್ನು ದಾಸನಪುರಕ್ಕೆ ಒಯ್ಯುವ ಪ್ರಯತ್ನಗಳು ಜಾಗ ಮತ್ತು ಮಳಿಗೆ ಹಂಚಿಕೆಯ ಸುತ್ತಲೇ ಗಿರಕಿ ಹೊಡೆದಿವೆ. ಕೊಯಂಬೇಡಿನ ಬಗ್ಗೆ ಮುಂದೆ ಏನೇ ತೀರ್ಮಾನವಾದರೂ, ಒಂದು ಕಲ್ಲು ಅಲುಗಿಸುವ ಮೊದಲು 1996ರ ಕಾಯ್ದೆಗೆ ತೂಕ, ದರ ದಾಖಲೆ ಮತ್ತು ಕಮಿಷನ್ ಮಿತಿಯ ಕರ್ತವ್ಯಗಳನ್ನು ಸೇರಿಸಬೇಕು. ಸ್ಥಳಾಂತರದ ನಿರ್ಧಾರವನ್ನು ಆ ನೆಲದಲ್ಲಿ ಆರ್ಥಿಕ ಹಿತಾಸಕ್ತಿ ಇಲ್ಲದ ಸಂಸ್ಥೆಗೆ ವಹಿಸಬೇಕು. ಇಲ್ಲವಾದರೆ ಪರಿಹಾರದ ಮಾತುಕತೆಗೆ ಕೂರುವವರು ಮಳಿಗೆಯ ಕ್ರಯಪತ್ರ ಇರುವವರು ಮಾತ್ರ. ಹಮಾಲನ ಬಳಿ ಅಂಥ ಪತ್ರವಿಲ್ಲ, ಮಾಲೂರಿನ ಬೆಳೆಗಾರನ ಬಳಿ ಇರುವುದು ಮಂಡಿಯ ಚೀಟಿ.