ಗಂಡ ಹೇಳಿದನೆಂದು ಮೂಗು ಕೊಯ್ಯಿಸಬೇಕೇ?

ನಮ್ಮ ಮದುವೆ ಮಾತುಕತೆಗಳಲ್ಲಿ ಮೊದಲೆಲ್ಲ ಹುಡುಗಿಯ ಬಣ್ಣದ ಮಾತು ಬರುತ್ತಿತ್ತು. ಅದೇ ದೊಡ್ಡ ಸಂಕಟವಾಗಿತ್ತು. ಈಗ ಮೂಗು ದಪ್ಪವಾಯಿತು, ಗದ್ದ ಸರಿಯಿಲ್ಲ, ಹೆರಿಗೆಯ ನಂತರ ಹೊಟ್ಟೆ ಇಳಿಯಲಿಲ್ಲ ಎಂಬ ಮಾತುಗಳೂ ಸೇರಿಕೊಂಡಿವೆ. ಮೊದಲು ಇಂಥ ಮಾತು ಕೇಳಿದ ಹುಡುಗಿ ಒಳಗೆ ಹೋಗಿ ಅತ್ತು ಸುಮ್ಮನಾಗುತ್ತಿದ್ದಳು. ಈಗ ಮಾತಿನ ಹಿಂದೆಯೇ ಒಂದು ಕ್ಲಿನಿಕ್ಕಿನ ಹೆಸರು ಬರುತ್ತದೆ. "ಈಗೆಲ್ಲ ಮಾಡಿಸ್ತಾರೆ, ಒಂದು ದಿನದ ಕೆಲಸ" ಅಂತ ಹೇಳುವವರು ಮನೆಯೊಳಗೇ ಇದ್ದಾರೆ.

ಇದು ಸಿನಿಮಾದವರ ವಿಷಯ, ಬ್ಯಾರಿ ಮನೆಗಳಿಗೆ ಇನ್ನೂ ಬಂದಿಲ್ಲ ಎಂದು ತಿಳಿದವರು ಒಮ್ಮೆ ಉಸ್ತಾದರ ಫೋನಿಗೆ ಬರುವ ಪ್ರಶ್ನೆಗಳನ್ನು ಕೇಳಬೇಕು. ಕೆಲವು ತಿಂಗಳ ಹಿಂದೆ ಬಂಟ್ವಾಳ ಕಡೆಯ ಒಬ್ಬ ಉಮ್ಮ ಕರೆ ಮಾಡಿದ್ದರು. ಮಗಳಿಗೆ ನಿಶ್ಚಯವಾಗಿದೆ. ಪುದಿಯಾಪ್ಲ ಗಲ್ಫಿನಲ್ಲಿದ್ದಾನೆ. ಹುಡುಗಿಯನ್ನು ನೋಡಿ, ಒಪ್ಪಿ, ಉಂಗುರ ಹಾಕಿದ ಮೇಲೆ ಅವನ ಅಕ್ಕ ಒಂದು ಫೋಟೋ ಕಳಿಸಿ, ಮದುವೆಗೆ ಮುಂಚೆ ಮೂಗನ್ನು ಸ್ವಲ್ಪ ಸಣ್ಣ ಮಾಡಿಸಿದರೆ ಒಳ್ಳೆಯದಿತ್ತು, ತಮ್ಮನಿಗೂ ಇಷ್ಟ, ಖರ್ಚು ನಾವೇ ಕೊಡ್ತೇವೆ ಅಂದಿದ್ದಾಳೆ. ಆ ಉಮ್ಮನ ಪ್ರಶ್ನೆ ಒಂದೇ. "ಗಂಡನಾಗುವವನು ಹೇಳಿದ್ದು, ಖರ್ಚೂ ಅವರದ್ದೇ. ಹಾಗಾದ್ರೆ ಮಾಡಿಸಬಹುದಲ್ವಾ ಉಸ್ತಾದ್?"

ಇಲ್ಲಿ ಹಲಾಲೋ ಹರಾಮೋ ಎಂಬ ಪ್ರಶ್ನೆ ಇದ್ದೇ ಇದೆ. ಆದರೆ ಅವರು ಕೇಳಿದ್ದು ಅದಕ್ಕಿಂತ ಹಿಂದಿನದ್ದು. ಗಂಡನ ಮಾತು ಎಲ್ಲಿಯ ತನಕ ನಡೆಯುತ್ತದೆ ಎಂಬುದು.

ಇದಕ್ಕೆ ಉತ್ತರ ಹುಡುಕಲು ಇವತ್ತಿನ ಯಾವ ಸೆಮಿನಾರಿಗೂ ಹೋಗಬೇಕಾಗಿಲ್ಲ. ಹಝ್ರತ್ ಆಯಿಷಾ (ರ) ಅವರಿಂದ ವರದಿಯಾದ ಒಂದು ಹದೀಸ್ ಸಹೀಹುಲ್ ಬುಖಾರಿಯಲ್ಲಿದೆ. ಮದೀನಾದ ಅನ್ಸಾರಿ ಮಹಿಳೆಯೊಬ್ಬರು ಮಗಳನ್ನು ಮದುವೆ ಮಾಡಿಕೊಟ್ಟಿದ್ದರು. ಮಗಳ ತಲೆಕೂದಲು ಉದುರತೊಡಗಿತು. ತಾಯಿ ಪ್ರವಾದಿ(ಸ)ಯವರ ಬಳಿ ಬಂದು ವಿಷಯ ತಿಳಿಸಿ, ಅವಳ ಗಂಡ ಬೇರೆ ಕೂದಲು ಜೋಡಿಸಲು ಹೇಳಿದ್ದಾನೆ ಅಂದರು. ಪ್ರವಾದಿಯವರು ಬೇಡವೆಂದರು. ನೋಡಿ, ಆ ಹೆಣ್ಣುಮಗಳಿಗೆ ಬಂದದ್ದು ಶೋಕಿಯಲ್ಲ, ನಿಜವಾದ ತೊಂದರೆ. ಕೇಳಿದ್ದು ಗಂಡ. ಕೇಳಲು ಬಂದವರು ತಾಯಿ. ಬಂಟ್ವಾಳದ ಫೋನಿಗೂ ಇದಕ್ಕೂ ಎಷ್ಟು ದೂರ?

ಇಮಾಂ ಬುಖಾರಿಯವರು (ರ) ಈ ಹದೀಸನ್ನು ಎಲ್ಲಿಟ್ಟಿದ್ದಾರೆ ಎಂಬುದೂ ಮುಖ್ಯ. ಉಡುಗೆತೊಡುಗೆಯ ಭಾಗದಲ್ಲಿ ಕೂದಲಿನ ಹದೀಸ್‌ಗಳು ಇದ್ದೇ ಇವೆ. ಆದರೆ ಇದನ್ನು ಅವರು ನಿಕಾಹ್‌ನ ಭಾಗದಲ್ಲೂ ತಂದು, ಪಾಪದ ಕೆಲಸದಲ್ಲಿ ಹೆಂಡತಿ ಗಂಡನ ಮಾತು ಕೇಳಬಾರದು ಎಂಬ ಅಧ್ಯಾಯದ ಕೆಳಗೆ ಇಟ್ಟರು. ದರ್ಸಿನಲ್ಲಿ ಈ ಪುಟ ದಾಟಿ ಬಂದವರು ನೂರಾರು ಮಂದಿ ನಮ್ಮಲ್ಲಿದ್ದಾರೆ. ಗಂಡನ ಹಕ್ಕಿನ ಬಗ್ಗೆ ವಅಳ್ ಹೇಳುವಾಗ ಈ ಅಧ್ಯಾಯ ಮಾತ್ರ ಯಾಕೋ ನೆನಪಿಗೆ ಬರುವುದು ಕಮ್ಮಿ.

ಕೂದಲು ಜೋಡಿಸುವ ವಿಷಯದಲ್ಲಿ ಯಾವ ಕೂದಲು, ಯಾವಾಗ ಎಂಬ ವಿವರಗಳು ಶಾಫಿಈ ಕಿತಾಬ್‌ಗಳಲ್ಲಿವೆ. ಕೆಲವು ಅಲಂಕಾರಗಳಿಗೆ ಗಂಡನ ಅನುಮತಿ ಬೇಕೆಂದೂ ಬರೆದಿದ್ದಾರೆ. ಅದನ್ನು ಇಲ್ಲಿ ಬಿಡಿಸುತ್ತಾ ಕೂರುವುದಿಲ್ಲ. ಆದರೆ ಅನುಮತಿ ಬೇರೆ, ಒತ್ತಾಯ ಬೇರೆ. ಹೆಂಡತಿ ಬಯಸಿದ ಅಲಂಕಾರಕ್ಕೆ ಗಂಡ ಒಪ್ಪುವುದು ಒಂದು ಮಾತು. ಅವಳಿಗೆ ಬೇಡವಾದ ಕತ್ತಿಗೆ ಅವಳನ್ನು ಒಡ್ಡುವ ಹಕ್ಕು ಅವನಿಗೆ ಯಾವ ಕಿತಾಬೂ ಕೊಟ್ಟಿಲ್ಲ. ಇನ್ನು ನಿಕಾಹ್ ಆಗದೆ ಬರೀ ನಿಶ್ಚಯವಾದವನಿಗೆ, ಅವನ ಅಕ್ಕನಿಗೆ ಯಾವ ಹಕ್ಕು?

ಹಾಗಾದರೆ ಶಸ್ತ್ರಚಿಕಿತ್ಸೆ ಎಲ್ಲವೂ ಹರಾಮಾ? ಅಲ್ಲ. ಅರ್ಫಜಾ (ರ) ಎಂಬ ಸಹಾಬಿಯ ಮೂಗು ಯುದ್ಧವೊಂದರಲ್ಲಿ ತುಂಡಾಗಿತ್ತು. ಅವರು ಬೆಳ್ಳಿಯ ಮೂಗು ಮಾಡಿಸಿಕೊಂಡರು, ಅದು ವಾಸನೆ ಬಂತು. ಪ್ರವಾದಿಯವರು ಚಿನ್ನದ ಮೂಗು ಮಾಡಿಸಿಕೊಳ್ಳಲು ಹೇಳಿದರು. ಗಂಡಸಿಗೆ ಚಿನ್ನ ನಿಷಿದ್ಧವಾಗಿರುವ ದೀನಿನಲ್ಲಿ ಈ ಅನುಮತಿ ಸಿಕ್ಕಿತು. ಮತ್ತೊಂದು ಕಡೆ, ಚೆಂದಕ್ಕಾಗಿ ಹಲ್ಲಿನ ನಡುವೆ ಸಂದು ಮಾಡಿಸುವವರ ಬಗ್ಗೆ ಇಬ್ನು ಮಸ್‌ಊದ್ (ರ) ವರದಿ ಮಾಡಿದ ಹದೀಸ್‌ನಲ್ಲಿ ಕಠಿಣವಾದ ಎಚ್ಚರಿಕೆ ಇದೆ. ಆ 'ಚೆಂದಕ್ಕಾಗಿ' ಎಂಬ ಪದವನ್ನು ಹಿಡಿದೇ ಇಮಾಂ ನವವಿಯವರು (ರ), ಚಿಕಿತ್ಸೆಗಾಗಿ ಅಥವಾ ಹಲ್ಲಿನಲ್ಲಿರುವ ದೋಷಕ್ಕಾಗಿ ಮಾಡಿಸಿದರೆ ತೊಂದರೆಯಿಲ್ಲ ಎಂದು ವಿವರಿಸಿದರು.

ನಮ್ಮ ಕಾಲದಲ್ಲೂ ಉಲಮಾಗಳು ಕೂತು ನೋಡಿದ್ದಾರೆ. 2007ರ ಜುಲೈಯಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಈ ಬಗ್ಗೆ ನಿರ್ಣಯ ಮಾಡಿತು. ಸೀಳುತುಟಿ, ಹೆಚ್ಚುವರಿ ಬೆರಳು, ಸುಟ್ಟಗಾಯ, ಅಪಘಾತದಿಂದ ಆದ ವಿಕಾರ, ಮನಸ್ಸಿಗೆ ಘಾಸಿ ಮಾಡುವಂಥ ದೋಷ, ಇವುಗಳನ್ನು ಸರಿಪಡಿಸಲು ಅವಕಾಶವಿದೆ. ಆರೋಗ್ಯವಾಗಿರುವ ಮುಖವನ್ನು ಆಸೆಗೆ, ಇನ್ನೊಬ್ಬರ ಅನುಕರಣೆಗೆ ಬದಲಿಸಲು ಇಲ್ಲ. ಕೊಬ್ಬು ತೆಗೆಸುವುದು ಕೂಡ ತೂಕವೇ ರೋಗವಾಗಿ, ಬೇರೆ ದಾರಿಯಿಲ್ಲದೆ, ಅಪಾಯವಿಲ್ಲವೆಂದು ಖಾತ್ರಿಯಾದಾಗ ಮಾತ್ರ.

ಕರಾವಳಿಯ ಓದುಗರಿಗೆ ನಾನು ಕಲಿಸುವ ಚಿಕ್ಕನರಗುಂದದ ಮಾತೊಂದನ್ನು ಇಲ್ಲಿ ಹೇಳಬೇಕು. 1980ರ ರೈತ ಬಂಡಾಯದಿಂದ ಹೆಸರಾದ ನರಗುಂದ ತಾಲೂಕಿನ ಊರಿದು. ಹತ್ತಿ, ಜೋಳ, ಕಡಲೆ ಬೆಳೆಯುವ ಕರಿಮಣ್ಣು. ಇಲ್ಲಿ ಕೂಲಿ ಮಾಡುವ ಒಬ್ಬ ತಾಯಿ ಸೀಳುತುಟಿಯ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮದ್ರಸಾ ಬಾಗಿಲಿಗೆ ಬಂದು ಕೇಳಿದ್ದು ಹೀಗೆ: "ಹಜರತ್, ಅಲ್ಲಾ ಕೊಟ್ಟ ತುಟಿ ನಾವು ಹೊಲಿಸಿದ್ರ ಗುನಾ ಆಕ್ಕೈತೇನ್ರಿ?" ಗ್ರಹಣ ಹಿಡಿದ ಕೂಸು ಅಂತ ಓಣಿಯವರು ಬೇರೆ ಹೆದರಿಸಿದ್ದರು. ಹಾಲು ಎಳೆಯಲಾಗದೆ ಕೂಸು ಸೊರಗುತ್ತಿತ್ತು. ಗುನಾ ಅಲ್ಲವ್ವ, ಹೊಲಿಸದೆ ಬಿಟ್ಟರೆ ಕೂಸಿನ ಹಕ್ಕು ನಿಮ್ಮ ಮೇಲೆ ಉಳಿಯುತ್ತದೆ ಅಂತ ಹೇಳಿ ಧಾರವಾಡದ ಕಡೆ ಕಳಿಸಿದೆವು. ಸತ್ತೂರಿನ ಎಸ್‌ಡಿಎಂನಲ್ಲಿ ಇಂಥ ಮಕ್ಕಳಿಗಾಗಿಯೇ ವಿಭಾಗವಿದೆ. ಕರಾವಳಿಯಲ್ಲಿ ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಆಸ್ಪತ್ರೆಯಲ್ಲೂ ಇದೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳ ಎರಡೂ ಸೇರಿವೆ. ಅಂಗನವಾಡಿಗೆ ಬರುವ ತಂಡಕ್ಕೆ ತೋರಿಸಿದರೆ ಅವರೇ ಮುಂದಿನ ದಾರಿ ಹೇಳುತ್ತಾರೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರು ತಿಂಗಳ ನಂತರ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ. ತಡ ಮಾಡಿದಷ್ಟೂ ಮಾತು ಕಲಿಯುವುದು ಕಷ್ಟ.

ದೀನಿನಲ್ಲಿ ಅನುಮತಿ ಇರುವುದಕ್ಕೆ ಆ ಬಡ ತಾಯಿ ನಡುಗುತ್ತಾಳೆ. ಅನುಮತಿ ಇಲ್ಲದ್ದಕ್ಕೆ ಡಿಗ್ರಿ ಮಾಡಿದ ನಮ್ಮವರು ಅಡ್ವಾನ್ಸ್ ಕಟ್ಟುತ್ತಾರೆ.

ಒಂದು ದಿನದ ಕೆಲಸ ಅನ್ನುವವರಿಗೂ ಒಂದಿಷ್ಟು ಹೇಳಬೇಕು. ಮೂಗು ಸಣ್ಣ ಮಾಡುವುದೆಂದರೆ ಅರಿವಳಿಕೆ ಕೊಟ್ಟು ಒಳಗಿನ ಎಲುಬು ಮತ್ತು ಮೃದು ಎಲುಬನ್ನು ಕೆತ್ತುವುದು. ಊತ ಪೂರ್ತಿ ಇಳಿದು ಆಕಾರ ನಿಲ್ಲಲು ಒಂದು ವರ್ಷದವರೆಗೂ ಹಿಡಿಯುತ್ತದೆ. ಮೂರು ತಿಂಗಳಲ್ಲಿ ಮದುವೆ ಇಟ್ಟುಕೊಂಡವರ ಆಲ್ಬಮ್ಮಿನಲ್ಲಿ ಬರುವುದು ಊದಿದ ಮೂಗೇ. ಇದು ತಮಾಷೆಯಾಯಿತು. ತಮಾಷೆಯಲ್ಲದ್ದೂ ನಡೆದಿದೆ. 2022ರ ಮೇ 16ರಂದು ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡರು. ವಯಸ್ಸು 21. ತಮಗೆ ತಿಳಿಸದೆಯೇ ಹೋಗಿದ್ದಳು ಎಂದು ಹೆತ್ತವರು ಕಣ್ಣೀರಿಟ್ಟರು. 2024ರಲ್ಲಿ ಮಂಗಳೂರಿನಲ್ಲೇ, ಕಾಸ್ಮೆಟಿಕ್ ಕ್ಲಿನಿಕ್ಕೊಂದರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಗೆಂದು ಮಲಗಿದ ಯುವಕನೊಬ್ಬ ಬದುಕಿ ಬರಲಿಲ್ಲ. ಆ ಮನೆಯವರ ನೋವನ್ನು ಮತ್ತೆ ಕೆದಕುವುದಿಲ್ಲ.

ಬಿಳಿಯಾಗುವ ಕ್ರೀಮಿನ ಕತೆಯೂ ಇದೇ ಸಾಲಿನದ್ದು. ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿಯನ್ನು ಪರೀಕ್ಷಿಸಿದಾಗ, 15 ಮಂದಿಯಲ್ಲಿ ಅಪರೂಪದ ಒಂದೇ ಬಗೆ ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಇಂಥ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ, ಮೇಲೆ ಹೆಸರೂ ವಿಳಾಸವೂ ಇಲ್ಲದ ಡಬ್ಬಿಗಳನ್ನು ನಾವೆಲ್ಲರೂ ನೋಡಿದ್ದೇವೆ.

ಗಂಡಸರ ವಿಷಯ ಬಿಡುವಂತಿಲ್ಲ. ನಿಕಾಹ್‌ಗೆ ಮುಂಚೆ ತಲೆಗೆ ಕೂದಲು ಕಸಿ ಮಾಡಿಸುವುದು ನಮ್ಮ ಹುಡುಗರಲ್ಲೂ ಶುರುವಾಗಿದೆ. ತನ್ನದೇ ಕೂದಲನ್ನು ತನ್ನದೇ ತಲೆಗೆ ನೆಡುವುದನ್ನು, ಹೋದದ್ದನ್ನು ಮರಳಿ ತರುವ ಚಿಕಿತ್ಸೆಯೆಂದು ನೋಡಿದ ಉಲಮಾಗಳಿದ್ದಾರೆ. ಬನೀ ಇಸ್ರಾಈಲಿನ ಬೋಳುತಲೆಯವನಿಗೆ ಮಲಕ್ ಬಂದು ಕೈಯಾಡಿಸಿ ಕೂದಲು ಕೊಟ್ಟ ಹದೀಸನ್ನು ಅವರು ನೆನಪಿಸುತ್ತಾರೆ. ಆದರೆ ಅದನ್ನು ಹುಡುಗಿಯ ಮನೆಯವರಿಂದ ಬಚ್ಚಿಡುವುದು ವಂಚನೆಯೇ. ಅದೇ ಹುಡುಗ, ತನ್ನ ತಲೆಯ ಗುಟ್ಟನ್ನು ಒಳಗಿಟ್ಟುಕೊಂಡು ಹುಡುಗಿಯ ಮೂಗಿನ ಅಳತೆ ತೆಗೆಯುತ್ತಾನಲ್ಲ, ಅದು ನನಗೆ ಅರ್ಥವಾಗದ ಸಂಗತಿ.

ಎಲ್ಲಕ್ಕಿಂತ ನೋವಾಗುವುದು ಹೆರಿಗೆಯ ನಂತರದ ಮಾತುಗಳನ್ನು ಕೇಳಿದಾಗ. ಮೂರು ಮಕ್ಕಳನ್ನು ಹೊತ್ತು ಹೆತ್ತ ಹೊಟ್ಟೆಯನ್ನು ಗಂಡ ಮೊಬೈಲಿನಲ್ಲಿ ಕಂಡ ಯಾರದ್ದೋ ಹೊಟ್ಟೆಗೆ ಹೋಲಿಸುತ್ತಾನೆ. ನನ್ನ ಕಣ್ಣು ಹರಾಮಿನ ಕಡೆ ಹೋಗದಿರಬೇಕಾದರೆ ನೀನು ಚೆನ್ನಾಗಿರಬೇಕು ಅಂತ ದೀನಿನ ಮಾತನ್ನೇ ಅಡ್ಡ ತರುವವರಿದ್ದಾರೆ. ಕಣ್ಣು ತಗ್ಗಿಸಬೇಕೆಂದು ಸೂರತುನ್ನೂರಿನಲ್ಲಿ ಆಜ್ಞೆ ಬಂದಿರುವುದು ಗಂಡಸಿಗೆ, ಅವನ ಸ್ವಂತ ಕಣ್ಣಿನ ಬಗ್ಗೆ. ಅದರ ಹೊಣೆಯನ್ನು ಹೆಂಡತಿಯ ಹೊಟ್ಟೆಗೆ ಕಟ್ಟಲು ಬರುವುದಿಲ್ಲ. ಅಲಂಕಾರ ಬೇಡವೆಂದು ಯಾರೂ ಹೇಳುತ್ತಿಲ್ಲ. ಮೈಲಾಂಚಿ, ಸುರ್ಮ, ಒಳ್ಳೆಯ ಬಟ್ಟೆ, ಶುದ್ಧವಾದ ಬಾಯಿ, ಇವೆಲ್ಲ ಇಬ್ಬರಿಗೂ ಪುಣ್ಯ. ಹೆಂಡತಿ ನನಗಾಗಿ ಸಿಂಗರಿಸಿಕೊಳ್ಳಬೇಕೆಂದು ಬಯಸುವಂತೆ ನಾನೂ ಅವಳಿಗಾಗಿ ಸಿಂಗರಿಸಿಕೊಳ್ಳಲು ಇಷ್ಟಪಡುತ್ತೇನೆ ಎಂಬ ಅರ್ಥದ ಮಾತನ್ನು ಇಬ್ನು ಅಬ್ಬಾಸ್ (ರ) ಹೇಳಿದ್ದಾರೆ. ನಮ್ಮ ಎಷ್ಟು ಮಂದಿ ಗಂಡಂದಿರು ಮನೆಗೆ ಬರುವಾಗ ಬಾಯಲ್ಲಿರುವ ಗುಟ್ಕಾ ಉಗುಳಿ ಬರುತ್ತಾರೆ?

ಹುಡುಗಿಯೇ ಬಯಸಿದರೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲು ಬೈಯಬೇಡಿ. ಯಾರು ಏನು ಹೇಳಿದರು ಅಂತ ಕೇಳಿ. ಸಣ್ಣವಳಿದ್ದಾಗಿನಿಂದ ನೆಂಟರ ಮನೆಯಲ್ಲಿ ಅಡ್ಡಹೆಸರಿಟ್ಟು ಕರೆದದ್ದು ಎಲ್ಲೋ ಒಳಗೆ ಕೂತಿರುತ್ತದೆ. ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ಸೂರತುಲ್ ಹುಜುರಾತ್‌ನಲ್ಲಿ ಅಲ್ಲಾಹನು ತಡೆದಿದ್ದಾನೆ. ನಿಜವಾದ ದೋಷವಿದ್ದು ಅದರಿಂದ ಅವಳು ಕುಗ್ಗಿಹೋಗಿದ್ದರೆ ಒಳ್ಳೆಯ ವೈದ್ಯರನ್ನೂ ತಿಳಿದ ಆಲಿಮರನ್ನೂ ಇಬ್ಬರನ್ನೂ ಕೇಳಬೇಕು. ಗುಟ್ಟಾಗಿ ಹೋಗುವಂತೆ ಮಾಡಬಾರದು. ಹೋಗುವ ಜಾಗ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿದೆಯೇ, ಆ ಪ್ರಮಾಣಪತ್ರ ಗೋಡೆಯಲ್ಲಿದೆಯೇ, ಯಾವ ಚಿಕಿತ್ಸೆಗೆ ಅನುಮತಿ ಇದೆ, ಅರಿವಳಿಕೆ ಕೊಡುವ ವೈದ್ಯರು ಯಾರು, ಏನಾದರೂ ಆದರೆ ಐಸಿಯು ಎಲ್ಲಿದೆ ಎಂದು ಕೇಳುವುದರಲ್ಲಿ ನಾಚಿಕೆಯಿಲ್ಲ.

ಹುಡುಗನ ಕಡೆಯವರಿಗೆ ಹೇಳುವುದಿಷ್ಟೆ. ಅನ್ಸಾರಿ ಹೆಣ್ಣನ್ನು ಮದುವೆಯಾಗಲಿದ್ದ ಸಹಾಬಿಗೆ ಪ್ರವಾದಿಯವರು, ಮೊದಲು ಹೋಗಿ ನೋಡು, ಅನ್ಸಾರಿಗಳ ಕಣ್ಣಿನಲ್ಲಿ ಏನೋ ಇದೆ ಎಂದು ತಿಳಿಸಿದ್ದು ಸಹೀಹ್ ಮುಸ್ಲಿಮಿನಲ್ಲಿದೆ. ನೋಡು, ಇಷ್ಟವಾದರೆ ಮಾಡಿಕೋ. ಇಷ್ಟವಾಗದಿದ್ದರೆ ಮರ್ಯಾದೆಯಿಂದ ಬಿಡು. ನೋಡಿ, ಒಪ್ಪಿ, ಆಮೇಲೆ ತಿದ್ದಿಸು ಎಂಬ ಮೂರನೇ ದಾರಿ ಅಲ್ಲಿಲ್ಲ.

ಬಂಟ್ವಾಳದ ಆ ಉಮ್ಮನಿಗೆ, ಹುಡುಗನ ಬಾಪನಲ್ಲಿ ನೇರವಾಗಿ ಮಾತಾಡಿ, ಅಕ್ಕನಲ್ಲಿ ಬೇಡ ಅಂತ ಹೇಳಿದ್ದೆ. ಆ ಹಿರಿಯರಿಗೆ ಇಂಥದ್ದೊಂದು ಬೇಡಿಕೆ ಹೋಗಿರುವುದೇ ಗೊತ್ತಿರಲಿಲ್ಲವಂತೆ. ಜಮಾಅತ್ ಸಮಿತಿಗಳು ಇಲ್ಲೊಂದು ಕೆಲಸ ಮಾಡಬಹುದು. ನಿಕಾಹ್‌ನ ಅರ್ಜಿ ಬಂದಾಗ ಖತೀಬರು ಮಹ್ರ್, ಸಾಕ್ಷಿ, ದಾಖಲೆಗಳನ್ನು ವಿಚಾರಿಸುತ್ತಾರಲ್ಲ, ಜೊತೆಗೆ ಹುಡುಗಿಯ ವಲಿಯನ್ನು ಪ್ರತ್ಯೇಕ ಕೂರಿಸಿ ಇನ್ನೊಂದನ್ನು ಕೇಳಲಿ: ಹುಡುಗಿಯ ಮೈಯಲ್ಲಿ ಏನನ್ನಾದರೂ ಬದಲಿಸಬೇಕೆಂದು ಆ ಕಡೆಯಿಂದ ಮಾತು ಬಂದಿದೆಯೇ? ಬಂದಿದ್ದರೆ ನಿಕಾಹ್‌ನ ದಿನ ಗೊತ್ತು ಮಾಡುವ ಮೊದಲು ಹುಡುಗನನ್ನು, ಗಲ್ಫಿನಲ್ಲಿದ್ದರೆ ಫೋನಿನಲ್ಲಾದರೂ, ಖತೀಬರೇ ಕರೆದು ಮಾತಾಡಲಿ.