ರಮಾನಂದ ತೀರ್ಥರ ಋಣ, ರಮಾನಂದ ತೀರ್ಥರ ಮೇಲಿನ ತಕರಾರು

ಪ್ರತಿ ಸೆಪ್ಟೆಂಬರ್ 17ರಂದು, ಹೈದರಾಬಾದ್ ಸಂಸ್ಥಾನ ನಿಜಾಮನ ಕೈಯಿಂದ ಬಿಡುಗಡೆಯಾದ ದಿನ, ರಾಯಚೂರಿನಲ್ಲಿ, ದೇವದುರ್ಗ, ಮಾನ್ವಿಯ ಶಾಲೆಗಳ ಅಂಗಳದಲ್ಲಿ ಧ್ವಜ ಏರುತ್ತದೆ. ಭಾಷಣಗಳಲ್ಲಿ ಸರ್ದಾರ್ ಪಟೇಲರಿಗೆ ದೊಡ್ಡ ಪಾಲು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. 1903ರಲ್ಲಿ ಸಿಂದಗಿ ಸೀಮೆಯಲ್ಲಿ ಹುಟ್ಟಿದ ಈ ಸನ್ಯಾಸಿಯ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ್. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ದುಡಿದರು, ಮರಾಠವಾಡದ ಶಾಲೆಗಳಲ್ಲಿ ಪಾಠ ಹೇಳಿದರು, ಕಾವಿ ಉಟ್ಟ ಮೇಲೆ ಜೈಲು ಕಂಡರು, ಕೊನೆಗೆ ಸಂಸತ್ತಿಗೂ ಹೋದರು. ಅವರನ್ನು ಹೊಗಳುವವರ ಮಾತಿನಲ್ಲೂ ಶಂಕಿಸುವವರ ಮಾತಿನಲ್ಲೂ ಹುರುಳಿದೆ.

ಮೊದಲು ಋಣದ ಮಾತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಇನ್ನೂ ಕಣ್ಣು ಬಿಡುವ ಮುಂಚೆಯೇ ನಿಜಾಮ ಸರ್ಕಾರ ಅದನ್ನು ನಿಷೇಧಿಸಿತು. ಸತ್ಯಾಗ್ರಹ ಮಾಡಿ ರಮಾನಂದರು ಜೈಲಿಗೆ ಹೋದರು. ಅದೇ ಹೊತ್ತಿಗೆ ಬಂಗಾಳದ ಬಂಕಿಮಚಂದ್ರರ ‘ವಂದೇ ಮಾತರಂ’ ಹಾಡಿದ್ದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಎಷ್ಟೋ ಜನ ನಾಗಪುರಕ್ಕೆ ಹೋಗಿ ಓದು ಮುಗಿಸಿದರು. ಸಭೆ ಕೂಡಿಸಲು, ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕಿದ್ದ ರಾಜ್ಯವದು. ನಿಷೇಧ ತೆರವಾದದ್ದು 1946ರಲ್ಲಿ. ಮರುವರ್ಷ ಜೂನ್‌ನಲ್ಲಿ ಹೈದರಾಬಾದಿನ ಮುಷೀರಾಬಾದಿನಲ್ಲಿ ಅಧಿವೇಶನ ನಡೆಸಿ, ಭಾರತಕ್ಕೆ ಸೇರಲೇಬೇಕೆಂದು ರಮಾನಂದರು ಪಟ್ಟು ಹಿಡಿದರು. ದೇಶವೆಲ್ಲ ಸಂಭ್ರಮಿಸಿದ ಆಗಸ್ಟ್ 15ರಂದು ಅವರನ್ನು ಬಂಧಿಸಲಾಯಿತು. ತಮ್ಮದೇ ಪಕ್ಷದ ಮಿತವಾದಿಗಳು ನಿಜಾಮನ ಜೊತೆ ಮಾತುಕತೆಯಲ್ಲಿ ದಾರಿ ಹುಡುಕುತ್ತಿದ್ದಾಗ ಇವರು ಬಗ್ಗಲಿಲ್ಲ. ಆ ಹಟ ಇರದಿದ್ದರೆ ರಾಯಚೂರಿನ ಜನರ ಕಡೆಯಿಂದ ದೆಹಲಿಯಲ್ಲಿ ಗಟ್ಟಿಯಾಗಿ ಮಾತಾಡುವವರು ಯಾರಿದ್ದರು?

ಇನ್ನು ತಕರಾರು. ಅದರಲ್ಲಿ ಅತಿ ಭಾರದ್ದು ಗಡಿ ಶಿಬಿರಗಳದ್ದು. ನಿಜಾಮನ ಗಡಿಯಾಚೆ ಮುಂಡರಗಿ, ಗಜೇಂದ್ರಗಡದಂಥ ಕಡೆ ಹೋರಾಟಗಾರರು ಬಂದೂಕು ಹಿಡಿದು ಬೀಡುಬಿಟ್ಟರು. ಮುಂಡರಗಿಯದನ್ನು ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸಿದರು. ಕರೋಡಗಿರಿ (ಸುಂಕದ) ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿಗಳಾದವು. 1948ರ ಜನವರಿಯಲ್ಲಿ ನಾಂದೇಡ ಕಡೆಯ ಉಮರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಲಾಯಿತು. ಗಾಂಧಿಯ ಹೆಸರು ಹೇಳುವ ಪಕ್ಷಕ್ಕೆ ಇದು ಒಪ್ಪುವ ದಾರಿಯೇ?

ನಕಾಶೆ ಮುಂದಿಟ್ಟುಕೊಂಡು ನೋಡಿದರೆ ಉತ್ತರ ಸಲೀಸಾಗಿ ಸಿಗುವುದಿಲ್ಲ. ಮಾನ್ವಿ ತಾಲೂಕಿನ ಕೆಳಸೀಮೆಯವರು ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯ. ಗಂಟುಮೂಟೆ ಕಟ್ಟಿಕೊಂಡು ಹರಿಗೋಲು ಹತ್ತಿದರೆ ಜೀವ ಉಳಿಯುತ್ತಿತ್ತು. ದೇವದುರ್ಗದವರಿಗೆ ಆ ಭಾಗ್ಯವೂ ಇರಲಿಲ್ಲ. ಕೃಷ್ಣೆ ದಾಟಿದರೆ ಸುರಪುರ, ಅದೂ ನಿಜಾಮನದೇ. 1948ರ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರ್ಟಾದಲ್ಲಿ ನಿಜಾಮನ ಪರವಾದ ಖಾಸಗಿ ಪಡೆ ರಜಾಕಾರರು ನಡೆಸಿದ ಕೊಲೆಗಳ ಸುದ್ದಿ ಹಬ್ಬಿದ ಮೇಲೆ ಅಂಥ ಊರಿನವರಿಗೆ ಅಹಿಂಸೆಯ ಉಪದೇಶ ಹೇಳುವುದು ಹೇಗೆ? ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಶಿಬಿರಗಳು ಬಿರುಸಾಗಿದ್ದ ತಿಂಗಳುಗಳಲ್ಲಿ ರಮಾನಂದರು ಬಹುಪಾಲು ಜೈಲಿನಲ್ಲಿದ್ದರು. ಹೊರಗೆ ಹೊಣೆ ಹೊತ್ತದ್ದು ದಿಗಂಬರರಾವ್ ಬಿಂದು ಅವರಂಥವರಿದ್ದ ಸಮಿತಿ. ಪ್ರತಿ ದಾಳಿಯನ್ನೂ ಸ್ವಾಮಿಗಳ ತಲೆಗೆ ಕಟ್ಟುವುದು ಅನ್ಯಾಯ. ಚಳವಳಿಯ ಮುಖಂಡರಾಗಿ ಅವರಿಗೆ ಅದರಲ್ಲಿ ಪಾಲೇ ಇಲ್ಲ ಎನ್ನುವುದೂ ಸರಿಯಲ್ಲ.

ನಮ್ಮ ಭಾಷಣಗಳು ದಾಟಿ ಹೋಗುವ ಪುಟವೊಂದಿದೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ನಡೆಸಿದ ‘ಪೊಲೀಸ್ ಆ್ಯಕ್ಷನ್’ ಮುಗಿಯುತ್ತಿದ್ದಂತೆ ಮುಸ್ಲಿಮರ ಮೇಲೆ ಸೇಡಿನ ಹಲ್ಲೆಗಳಾದವು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಕಡಿಮೆ ಹಿಡಿದರೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡನ್ನು ಹೆಸರಿಸಿತು. ಆ ನಾಲ್ಕರಲ್ಲಿ ರಾಯಚೂರು ಇಲ್ಲ, ಆದರೆ ಗುಲ್ಬರ್ಗ ನಮ್ಮ ಬೀಗರ ಊರು, ಪಕ್ಕದ ಮನೆ. ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ರಜಾಕಾರರ ಹಾವಳಿಯನ್ನು ನೆನೆಯುವಾಗ ಈ ಸಾವುಗಳನ್ನೂ ನೆನೆಯಬೇಕೆಂದು ನಾನು ನಂಬುತ್ತೇನೆ. ಸಾವಿನ ಲೆಕ್ಕಕ್ಕೆ ವಿಮೋಚನೆ ಉತ್ತರವಾಗುವುದಿಲ್ಲ; ವಿಮೋಚನೆ ತಪ್ಪಾಗಿತ್ತೆಂಬುದಕ್ಕೆ ಈ ಸಾವುಗಳು ಸಾಕ್ಷಿಯೂ ಅಲ್ಲ.

ಅಧಿಕಾರದ ವರ್ಷಗಳ ಬಗ್ಗೆ ಸ್ವಲ್ಪದರಲ್ಲಿ ಹೇಳಬಹುದು. ರಾಜ್ಯದ ಕಾಂಗ್ರೆಸ್ಸಿನಲ್ಲಿ ಬೂರ್ಗುಲ ರಾಮಕೃಷ್ಣರಾವ್ ಬಣ ಒಂದು ಕಡೆ, ರಮಾನಂದರ ಬಣ ಇನ್ನೊಂದು ಕಡೆ. 1952ರಲ್ಲಿ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು, ಸ್ವಾಮಿಗಳು ಗುಲ್ಬರ್ಗದಿಂದ ಲೋಕಸಭೆಗೆ ಹೋದರು. ಬಣ ಕಟ್ಟಿದ ದೂರು ಅವರ ಮೇಲೂ ಇದೆ. ಆದರೆ ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಒಡೆಯಬೇಕೆಂದು ಅವರು ಬಿಡದೆ ವಾದಿಸಿದ್ದರಿಂದ ನಮಗಾದ ಲಾಭ ದೊಡ್ಡದು. 1956ರಲ್ಲಿ ರಾಯಚೂರು, ಗುಲ್ಬರ್ಗ, ಬೀದರ್ ಕನ್ನಡ ನಾಡಿಗೆ ಸೇರಿದವು.

ನನ್ನ ತಕರಾರು ಅಲ್ಲಿಂದ ಮುಂದಿನದು. 1957ರ ಚುನಾವಣೆಗೆ ರಮಾನಂದರು ಔರಂಗಾಬಾದಿಗೆ ಹೋಗಿ ನಿಂತರು. ಅದೇ ವರ್ಷ ರಾಯಚೂರಿನಿಂದ ಗೆದ್ದ ಡಾ. ಜಿ.ಎಸ್. ಮೇಲ್ಕೋಟೆ 1962ರಲ್ಲಿ ಹೈದರಾಬಾದ್ ಕ್ಷೇತ್ರಕ್ಕೆ ತೆರಳಿದರು. ಮರಾಠವಾಡ ಸ್ವಾಮಿಗಳ ಕರ್ಮಭೂಮಿ, ಅವರ ಆಯ್ಕೆಗೆ ಅರ್ಥವಿದೆ. ಆದರೂ ಬೆಂಗಳೂರಿನಲ್ಲಿ ಗುರುತು ಪರಿಚಯವಿಲ್ಲದ ನಮ್ಮ ಜಿಲ್ಲೆಗಳಿಗೆ ಹಿರಿಯರ ಬಲ ಬೇಕಿದ್ದದ್ದು ಆಗಲೇ. ಪ್ರಾದೇಶಿಕ ಅಸಮಾನತೆಯನ್ನು ಅಳೆದ 2002ರ ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತಿ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಕೈಗೆ ಬಂದದ್ದು 2013ಕ್ಕೆ. ಆ ನಡುವಿನ ಐವತ್ತಾರು ವರ್ಷಗಳ ಹೊಣೆಯಲ್ಲಿ ಹೆಚ್ಚಿನ ಪಾಲು ಇಲ್ಲಿ ಗೆದ್ದು ಬಂದವರದು, ಬೆಂಗಳೂರಿನಲ್ಲಿ ಆಳಿದವರದು. 1972ರಲ್ಲಿ ತೀರಿಕೊಂಡ ಸನ್ಯಾಸಿಯ ಪಾಲು ಸಣ್ಣದು, ಆದರೆ ಅದನ್ನು ಪೂರ್ತಿ ಮನ್ನಾ ಮಾಡಲು ನನ್ನ ಮನಸ್ಸು ಒಪ್ಪುವುದಿಲ್ಲ.